ಹೊಳೆ ದಾಟದ ಡೊಳ್ಳಪ್ಪ

ಮೌಲಾಸಾಬನ ವಿಡಿಯೋ ಗೇಮ್ ಅಂಗಡಿಗೆ ಗಿರಾಕಿ ಕಡಿಮೆಯಾದದ್ದು ತೊಂಬತ್ಮೂರರಲ್ಲಿ, ಎದುರಿನ ಸಾಲಿನಲ್ಲಿ ಪರಮಣ್ಣ ಅಂಥದ್ದೇ ಇನ್ನೊಂದು ಅಂಗಡಿ ತೆಗೆದ ಮೇಲೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಗೋವಾದ ವಾಸ್ಕೋದ ಮಂಗೋರ್ ಹಿಲ್‌ನ ಏರುದಾರಿಯ ಪಕ್ಕ, ತನ್ನ ಮನೆಯ ಮುಂದಿನ ಕೋಣೆಯಲ್ಲೇ ಮೌಲಾಸಾಬ ಎರಡು ಟಿವಿ ಇಟ್ಟು, ಅವಕ್ಕೆ ಕ್ಯಾಸೆಟ್ ಹಾಕಿ ಆಡುವ ಗೇಮ್ ಡಬ್ಬಿ ಜೋಡಿಸಿದ್ದ. ಹಾರ್ಬರಿನಲ್ಲಿ ಚೀಲ ಹೊತ್ತು ಹೊತ್ತು ಸೊಂಟ ಹಿಡಿದುಹೋದ ಮೇಲೆ ಕೂತು ಮಾಡುವ ಕೆಲಸ ಎಂದು ಅವನು ಕಂಡುಕೊಂಡ ದಾರಿ ಅದು. ಪರಮಣ್ಣನೂ ಅವನಂತೆ ಬಾಗಲಕೋಟೆ ಕಡೆಯವನೇ, ಜೊತೆಗೇ ಚೀಲ ಹೊತ್ತವನೇ. ಆದರೆ ಅವನ ಟಿವಿ ದೊಡ್ಡದು, ಅಂಗಡಿಯಲ್ಲಿ ಫ್ಯಾನ್ ಇತ್ತು, ಮೇಲಾಗಿ ಬಾಗಿಲಿಗೆ ಮೋಟಾರ್ ಸೈಕಲ್ಲಿನ ಚಿತ್ರ ಅಂಟಿಸಿದ್ದ. ಹುಡುಗರೆಲ್ಲ ಆ ಕಡೆ ತಿರುಗಿದರು.

"ಹೊಸ ಗೇಮ್ ಬೇಕು. ಪರಮ್ಯಾನ ಹತ್ರ ಇಲ್ಲದ್ದು ಬೇಕು," ಎಂದು ಮೌಲಾಸಾಬ ಸಿಕ್ಕವರಿಗೆಲ್ಲ ಹೇಳುತ್ತ ತಿರುಗಿದ.

ಅದನ್ನು ತಂದುಕೊಟ್ಟವನು ಉಸ್ಮಾನ. ಹಡಗುಗಳಿಗೆ ಕಾಯಿಪಲ್ಲೆ ಒಯ್ಯುವ ಟೆಂಪೋ ಓಡಿಸುತ್ತಿದ್ದ ಉಸ್ಮಾನನಿಗೆ ಅದಿರು ತುಂಬಲು ಬರುವ ಜಪಾನಿ ಹಡಗುಗಳ ಅಡಿಗೆಯವರ ಪರಿಚಯ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಕಿಸೆಯಿಂದ ಬೂದು ಬಣ್ಣದ ಕ್ಯಾಸೆಟ್ಟೊಂದನ್ನು ತೆಗೆದು ಮೌಲಾಸಾಬನ ಕೈಗಿತ್ತ.

"ಇದು ಇಡೀ ಗೋವಾದಾಗ ಯಾರ ಹತ್ರನೂ ಇಲ್ಲ, ಮೌಲಾಭಾಯಿ. ಹಡಗಿನ ಅಡಿಗಿಯವ ಕೊಟ್ಟ. ಕೊತ್ತಂಬರಿ ಭಾಳ ತಾಜಾ ಐತಿ ಅಂತ ಖುಷ್ ಆಗ್ಯಾನ."

ಕ್ಯಾಸೆಟ್ಟಿನ ಮೇಲೆ ಚಿತ್ರವಿರಲಿಲ್ಲ. ಬಿಳಿ ಕಾಗದ ಅಂಟಿಸಿ ಯಾರೋ ಪೆನ್ನಿನಿಂದ ಜಪಾನಿ ಅಕ್ಷರ ಗೀಚಿದ್ದರು. ಡಬ್ಬಿಗೆ ಹಾಕಿ ಗುಂಡಿ ಒತ್ತಿದರೆ ಪೀಪಿ ಊದಿದಂಥ ಸಂಗೀತ ಬಂತು. ಆಮೇಲೆ ಪರದೆಯ ಮೇಲೆ ಒಂದು ಪ್ರಾಣಿ ಬಂದು ನಿಂತಿತು. ತಲೆಯ ಮೇಲೆ ಮಡಚಿದ ಟಾವೆಲ್, ಕೈಯಲ್ಲಿ ಬಕೀಟು, ಮುಂದೆ ಚಾಚಿಕೊಂಡ ದುಂಡನೆಯ ಹೊಟ್ಟೆ.

"ಹೆಗ್ಗಣ," ಎಂದ ಮೌಲಾಸಾಬ, ಮುಖ ಸಣ್ಣದು ಮಾಡಿ.

"ಕರಡಿಮರಿ ಇರಬೇಕ್ರಿ," ಎಂದ ಉಸ್ಮಾನ.

ಬಾಗಿಲಲ್ಲಿ ಪಕ್ಕದ ಮನೆಯ ಭಾಗವ್ವ ನಿಂತಿದ್ದಳು. ಕಟ್ಟಡ ಕೆಲಸಕ್ಕೆ ಹೋಗುವವಳು. ಮರಳು ಬಂದಿಲ್ಲವೆಂದು ಆ ವಾರ ಕೆಲಸ ನಿಂತಿತ್ತು. "ಎರಡೂ ಅಲ್ಲ. ಹೊಟ್ಟಿ ನೋಡ್ರಿ. ನಮ್ಮ ಮೇಸ್ತ್ರಿ ಕಂಡಂಗ ಕಾಣತಾನ. ಡೊಳ್ಳಪ್ಪ," ಎಂದಳು. ಆ ಹೆಸರೇ ನಿಂತಿತು.

ಡೊಳ್ಳಪ್ಪ ಗುಂಡು ಹೊಡೆಯುತ್ತಿರಲಿಲ್ಲ. ಜಿಗಿಯುತ್ತಿರಲಿಲ್ಲ, ಗಾಡಿ ಓಡಿಸುತ್ತಿರಲಿಲ್ಲ. ಊರಿಂದೂರಿಗೆ ನಡೆಯುತ್ತಿದ್ದ. ದಾರಿಯಲ್ಲಿ ಸಿಕ್ಕವರ ಮುಂದೆ ನಿಂತರೆ ಅವರು ಏನೋ ಹೇಳುತ್ತಿದ್ದರು. ಅದು ಜಪಾನಿ ಅಕ್ಷರದಲ್ಲಿ ಕೆಳಗೆ ಮೂಡುತ್ತಿತ್ತು. ನಡುನಡುವೆ ಬಯಲಿನಲ್ಲಿ ಕಪ್ಪು ಮುದ್ದೆಗಳು ಅಡ್ಡಗಟ್ಟುತ್ತಿದ್ದವು. ಆಗ ಗುಂಡಿ ಒತ್ತುತ್ತ ಹೋದರೆ ಡೊಳ್ಳಪ್ಪ ಅವುಗಳ ಮೇಲೆ ಬಕೀಟಿನ ನೀರು ಎರಚುತ್ತಿದ್ದ, ಅವು ಕರಗುತ್ತಿದ್ದವು. ಇಷ್ಟೇ. ಹೊಸ ಗೇಮ್ ಎಂದು ಆಸೆಯಿಂದ ಬಂದ ಹುಡುಗರು "ಗನ್ ಎಲ್ಲೈತ್ರಿ?" ಎಂದು ಕೇಳಿ, ಇಲ್ಲವೆಂದು ತಿಳಿದ ಕೂಡಲೇ ಪರಮಣ್ಣನ ಕಡೆ ಹೋದರು. ಮೌಲಾಸಾಬ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಒಳಗೆ ಮಲಗಿದ.

ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಅವನ ಹೆಂಡತಿ ಅಖ್ತರಬಾನು ಕೂರುತ್ತಿದ್ದಳು. ಬೆಳ್ಳುಳ್ಳಿ ಸುಲಿಯುತ್ತ ಬೇಸರಕ್ಕೆ ಅವಳೇ ಡೊಳ್ಳಪ್ಪನನ್ನು ನಡೆಸಲು ಶುರುಮಾಡಿದಳು. ಪಕ್ಕದಲ್ಲಿ ಭಾಗವ್ವ ಕೂತಿದ್ದಳು. ಡೊಳ್ಳಪ್ಪ ಒಂದು ಕೆಂಪು ಬಾಗಿಲಿನ ಮನೆಗೆ ಹೋದ. ಒಳಗಿದ್ದ ಮುದುಕಿ ಬಾಯಿ ತೆರೆದಳು, ಅಕ್ಷರಗಳು ಮೂಡಿದವು.

"ಮುದುಕಿ ಏನಂತಾಳ?" ಎಂದು ಭಾಗವ್ವ ಕೇಳಿದಳು.

ಅಖ್ತರಬಾನುವಿಗೆ ಒಂದು ಗುಣವಿತ್ತು. ಗೊತ್ತಿಲ್ಲ ಎಂಬ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ದಾರಿ ಕೇಳಿದ ಅಪರಿಚಿತರಿಗೂ ಯಾವುದಾದರೊಂದು ದಾರಿ ತೋರಿಸಿಯೇ ಕಳಿಸುತ್ತಿದ್ದಳು.

"ಅಳಾಕತ್ತಾಳ," ಎಂದಳು.

"ಯಾಕ?"

"'ಯಪ್ಪಾ ಡೊಳ್ಳಪ್ಪಾ, ನಿನ್ನ ತಂಗಿ ಇದ ದಾರೀಲೆ ಹೋದ್ಲು, ತಿರುಗಿ ಸೈತ ನೋಡಲಿಲ್ಲ' ಅಂತಾಳ."

"ಅಯ್ಯ! ತಂಗಿ ಎಲ್ಲಿಗೆ ಹೋದ್ಲು?"

"ಅದನ್ನ ಮುಂದಿನ ಮನಿಯವರು ಹೇಳತಾರ," ಎಂದು ಅಖ್ತರಬಾನು ಡೊಳ್ಳಪ್ಪನನ್ನು ಮುಂದಿನ ಮನೆಗೆ ನಡೆಸಿದಳು.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಮರುದಿನ ಭಾಗವ್ವ ಕೆಲಸದ ಹೆಂಗಸರನ್ನು ಕರೆತಂದಳು. ಅದರ ಮರುದಿನ ನಲ್ಲಿಯ ಸಾಲಿನಲ್ಲೆಲ್ಲ ಡೊಳ್ಳಪ್ಪನದೇ ಸುದ್ದಿ. ಡೊಳ್ಳಪ್ಪ ಮುನಿಸಿಕೊಂಡು ಹೋದ ತಂಗಿಯನ್ನು ಹುಡುಕುತ್ತಿದ್ದಾನೆ; ತಲೆಯ ಮೇಲಿನದು ಟಾವೆಲ್ ಅಲ್ಲ, ತಂಗಿಗೆ ಒಯ್ಯುತ್ತಿರುವ ಕುಪ್ಪಸದ ಬಟ್ಟೆ; ದಾರಿಗಡ್ಡ ಬರುವ ಕಪ್ಪು ಮುದ್ದೆಗಳು ತಂಗಿಯ ಗಂಡನ ಕಡೆಯ ಬೀಗರು. ಬೀಗರು ಬಂದಾಗಲೆಲ್ಲ ಹೆಂಗಸರು "ಹಾಕ್ರಿ, ನೀರ ಹಾಕ್ರಿ!" ಎಂದು ಕೂಗುವ ಸದ್ದಿಗೆ ಒಳಗೆ ಮಲಗಿದ್ದ ಮೌಲಾಸಾಬ ಎದ್ದು ಕೂರುತ್ತಿದ್ದ.

ತಂಗಿ ಯಾಕೆ ಮುನಿಸಿಕೊಂಡಳು ಎಂಬುದನ್ನೂ ಒಂದು ದಿನ ಹೇಳಬೇಕಾಯಿತು. ಪರದೆಯ ಮೇಲೆ ಗಡ್ಡದ ಮುದುಕನೊಬ್ಬ ಉದ್ದುದ್ದ ಮಾತಾಡುತ್ತಿದ್ದ. ಅಷ್ಟುದ್ದ ಮಾತಿಗೆ ತಕ್ಕ ವಿಷಯ ಬೇಕಿತ್ತು. ಅಖ್ತರಬಾನುವಿನ ಬಾಯಿಗೆ ತಟ್ಟನೆ ಬಂದದ್ದು ಅವಳದೇ ಸಂಗತಿ.

ಅವಳ ತಂಗಿ ಖಾತುನ ಹೊಳೆಯಾಚೆ, ಗಣಿಗಳ ಕಡೆಯ ಉಸಗಾಂವದಲ್ಲಿದ್ದಳು. ಗಂಡ ಶಹಾಬುದ್ದೀನ ಗಣಿಯ ಅದಿರು ಲಾರಿ ಓಡಿಸುತ್ತಿದ್ದ. ಕೆಲವು ವರ್ಷಗಳ ಹಿಂದೆ ಅಖ್ತರಬಾನು ನೆಂಟರನ್ನೆಲ್ಲ ಕರೆದು ಬಿರಿಯಾನಿ ಮಾಡಿ ಹಾಕಿದ್ದಳು. ಖಾತುನ ಮೊದಲ ತುತ್ತಿಗೇ ಎಲ್ಲರೆದುರು ಉಪ್ಪಿಲ್ಲವೆಂದಳು. "ನಿನ್ನ ಗಂಡನ ಮಾರಿ ಮ್ಯಾಲ ಇರೂದಕ್ಕಿಂತ ಹೆಚ್ಚು ಉಪ್ಪೈತಿ," ಎಂದು ಅಖ್ತರಬಾನು ಅಂದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಗಡ್ಡದ ಮುದುಕನ ಬಾಯಲ್ಲಿ ಅದೇ ಬಂತು. ಡೊಳ್ಳಪ್ಪ ಮಾಡಿದ ಅಡಿಗೆಗೆ ತಂಗಿ ನೆಂಟರ ಮುಂದೆ ಹೆಸರಿಟ್ಟಳು, ಸೊಕ್ಕಿನವಳು, ಹೊಳೆ ದಾಟಿ ಹೋದಳು.

"ಇಷ್ಟಕ್ಕ?" ಎಂದಳು ಭಾಗವ್ವ. "ಉಪ್ಪಿಲ್ಲ ಅಂದಿದ್ದಕ್ಕ ಮಾತು ಬಿಟ್ರೇನು? ಇಬ್ರಿಗೂ ಬುದ್ಧಿ ಇಲ್ಲ."

"ಮುಂದಿನ ಮಾತು ಕೇಳು ಮೊದಲ," ಎಂದು ಅಖ್ತರಬಾನು ಸಿಡುಕಿದಳು.

ಕೇಳಲು ಬರುವವರಲ್ಲಿ ಪರಮಣ್ಣನ ಹೆಂಡತಿ ಬಾಳಮ್ಮನೂ ಇದ್ದಳು. ಗಂಡನಿಗೆ ತಿಳಿಯದಂತೆ ಹಿತ್ತಲ ಕಡೆಯಿಂದ ಬಂದು ಅಡಿಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದಳು. ಒಂದು ದಿನ ಪರಮಣ್ಣ ಅವಳನ್ನು ಹುಡುಕುತ್ತ ಬಂದ.

"ಏ ಬಾಳಮ್ಮ, ಏಳು! ವೈರಿ ಅಂಗಡ್ಯಾಗ ಕುಂತೀಯಲ್ಲ, ನಾಚಿಕಿ ಇಲ್ಲೇನು?"

"ಸ್ವಲ್ಪ ತಡೀರಿ, ಅಂಗಡಿಯವ ಸಾಬೂನ ಕೊಡಾಕತ್ತಾನ," ಎಂದಳು ಬಾಳಮ್ಮ ಪರದೆಯಿಂದ ಕಣ್ಣು ತೆಗೆಯದೆ.

"ಯಾರಿಗೆ?"

"ಡೊಳ್ಳಪ್ಪಗ. ತಂಗಿ ಮುಂದ ಹೊಲಸ ಹೋಗಬಾರದಲ್ಲ."

ಪರಮಣ್ಣ ಸ್ವಲ್ಪ ತಡೆದ. ನಿಂತಲ್ಲೇ ನಿಂತು ನೋಡಿದ. ಆಮೇಲೆ ಬಾಗಿಲ ಬಳಿಯ ಎಣ್ಣೆ ಡಬ್ಬಿಯ ಮೇಲೆ ಕೂತ. ಮರುದಿನದಿಂದ ತನ್ನ ಅಂಗಡಿಯನ್ನು ಮಧ್ಯಾಹ್ನ ಮುಚ್ಚತೊಡಗಿದ.

ಮೌಲಾಸಾಬನಿಗೆ ಹಿಗ್ಗು. ವೈರಿಯೇ ಬಂದು ತನ್ನ ಡಬ್ಬಿಯ ಮೇಲೆ ಕೂರುವುದೆಂದರೆ ಸಣ್ಣ ಮಾತಲ್ಲ.

ಹೀಗಿರುವಾಗ ಡೊಳ್ಳಪ್ಪ ಹೊಳೆಗೆ ಬಂದ. ನೀಲಿ ನೀರು, ದಂಡೆಯಲ್ಲಿ ಒಂದು ದೋಣಿ, ದೋಣಿಯ ಪಕ್ಕ ಟೋಪಿ ಹಾಕಿದ ಫೇರಿಯವ. ಆಚೆ ದಂಡೆ ಕಾಣುತ್ತಿರಲಿಲ್ಲ. ಅಖ್ತರಬಾನು ಡೊಳ್ಳಪ್ಪನನ್ನು ಫೇರಿಯವನ ಮುಂದೆ ನಿಲ್ಲಿಸಿದಳು. ಅವನು ಒಂದೇ ಒಂದು ಸಾಲು ಮಾತಾಡಿದ. ಪರದೆ ಕಪ್ಪಾಯಿತು. ಪೀಪಿ ಸಂಗೀತ ಬಂತು. ಡೊಳ್ಳಪ್ಪ ಮತ್ತೆ ಮೊದಲಿನ ಊರಿನಲ್ಲಿ ನಿಂತಿದ್ದ.

"ಕರೆಂಟ್ ಹೋಗಿರಬೇಕು," ಎಂದ ಪರಮಣ್ಣ. ಬಲ್ಬು ಉರಿಯುತ್ತಿತ್ತು.

ಮತ್ತೆ ನಡೆಸಿಕೊಂಡು ಹೋದರು, ಮತ್ತೆ ಅದೇ. ಫೇರಿಯವನಿಗೆ ಮೀನು ಕೊಟ್ಟು ನೋಡಿದರು. ಸಾಬೂನು ಕೊಟ್ಟರು. ಅವನಿಗೆ ಕಾಣದಂತೆ ಹಿಂದಿನಿಂದ ದೋಣಿ ಹತ್ತಲು ನೋಡಿದರು. ಗೋವಾದ ಫೇರಿಗೆ ಟಿಕೆಟ್ ಬೇಡ, ಜಪಾನಿನಲ್ಲಿ ಬೇಕಿರಬಹುದು ಎಂದು ಊರಿನ ಮನೆಮನೆ ಹೊಕ್ಕು ಟಿಕೆಟ್ ಹುಡುಕಿದರು. ಫೇರಿಯವ ಅದೇ ಸಾಲು ಹೇಳುತ್ತಿದ್ದ, ಪರದೆ ಕಪ್ಪಾಗುತ್ತಿತ್ತು. ಪ್ರತಿ ಸಲವೂ ಅಖ್ತರಬಾನು ಆ ಸಾಲಿಗೆ ಹೊಸ ಅರ್ಥ ಹೇಳಿದಳು: ಹೊಳೆ ತುಂಬಿದೆ, ದೋಣಿ ತೂತು ಬಿದ್ದಿದೆ, ಅವನ ಹೆಂಡತಿ ಹಡೆಯಲು ಹೋಗಿದ್ದಾಳೆ.

"ಅಕ್ಕಾರ, ನೀವು ಏನರ ಮುಚ್ಚಿಡಾಕತ್ತೀರೇನು?" ಎಂದು ಬಾಳಮ್ಮ ಕಣ್ಣು ತುಂಬಿಕೊಂಡು ಕೇಳಿದಳು. "ತಂಗಿ ಸತ್ತಿದ್ರ ಸತ್ತಾಳಂತ ಹೇಳಿಬಿಡ್ರಿ."

ಅಷ್ಟರಲ್ಲಿ ಆ ಜಪಾನಿ ಹಡಗು ಮತ್ತೆ ಹಾರ್ಬರಿಗೆ ಬಂತು. ಉಸ್ಮಾನ ತಡಮಾಡದೆ ಅಡಿಗೆಯವನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿಸಿದ. ನಗುಮುಖದ ಕುಳ್ಳ ಮನುಷ್ಯ, ಹೆಸರು ಕೊಂಡೋ. ಮಂಗೋರ್ ಹಿಲ್ ಅವನನ್ನು ಕೂಡಲೇ ಕೊಂಡಪ್ಪ ಮಾಡಿತು. ವರ್ಷಾನುಗಟ್ಟಲೆ ಈ ಬಂದರಿಗೆ ಬಂದು ಹೋಗಿ ಅವನಿಗೆ ಹಾರ್ಬರಿನ ಹಿಂದಿ ಒಂದಿಷ್ಟು ಬರುತ್ತಿತ್ತು. ಉಳಿದದ್ದನ್ನು ಉಸ್ಮಾನ ತುಂಬಿಕೊಳ್ಳುತ್ತಿದ್ದ.

ಕೋಣೆ ಕಿಕ್ಕಿರಿದಿತ್ತು. ಕೊಂಡೋನನ್ನು ಟಿವಿಯ ಮುಂದೆ ಕೂರಿಸಿ ಫೇರಿಯವನನ್ನು ತೋರಿಸಿದರು. ಅವನು ಓದಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಉಸ್ಮಾನನಿಗೆ ಏನೋ ಹೇಳಿದ. ಉಸ್ಮಾನ ತಲೆ ಕೆರೆದುಕೊಂಡ.

"'ಇಲ್ಲಿಂದ ಮುಂದಿಂದು ಇನ್ನೂ ಮಾಡಿಲ್ಲ, ಸೋಮವಾರ ಮಾಡತೇನಿ' ಅಂತ ಬರದೈತಂತ."

"ಯಾವ ಸೋಮವಾರ?" ಎಂದ ಪರಮಣ್ಣ.

ಸಂಗತಿ ತುಣುಕುತುಣುಕಾಗಿ ಹೊರಗೆ ಬಂತು. ಡೊಳ್ಳಪ್ಪ ಮೊದಲಿಗೆ ಜಪಾನಿನಲ್ಲಿ ಸ್ನಾನದ ಪುಡಿ ಮಾಡುವ ಒಂದು ಕಂಪನಿಯ ಡಬ್ಬಿಯ ಮೇಲಿದ್ದ ಚಿತ್ರ. ಮಕ್ಕಳಿಗೆ ಹಿಡಿಸಿ ಅವನದೊಂದು ಕಾರ್ಟೂನೂ ಬಂತು. ಅವನ ಮೇಲೆ ದೊಡ್ಡ ಗೇಮ್ ಮಾಡಲು ಒಂದು ಸಣ್ಣ ಕಂಪನಿಗೆ ಹೇಳಿದರು. ಕೊಂಡೋನ ತಮ್ಮ ಅಲ್ಲಿ ಕೆಲಸಕ್ಕಿದ್ದ. ಅರ್ಧ ಆಗುವಷ್ಟರಲ್ಲಿ ಪುಡಿ ಕಂಪನಿಗೆ ಹೊಸ ಯಜಮಾನ ಬಂದ. ಡೊಳ್ಳುಹೊಟ್ಟೆಯವನನ್ನು ನೋಡಿದರೆ ಸ್ನಾನ ಮಾಡಬೇಕು ಅನಿಸುವುದಿಲ್ಲ ಎಂದು ಅವನು ಡಬ್ಬಿಯ ಮೇಲೆ ಬಿಳಿ ಮೊಲ ಹಾಕಿಸಿದ. ಆ ಸೋಮವಾರ ಬರುವ ಮೊದಲೇ, ಶುಕ್ರವಾರ, ಗೇಮ್ ರದ್ದಾಯಿತು. ತಮ್ಮ ನೆನಪಿಗೆಂದು ಇಟ್ಟುಕೊಂಡಿದ್ದ ಕ್ಯಾಸೆಟ್ಟುಗಳಲ್ಲಿ ಒಂದು ಇದು. ಅವನು ಈಗ ಊರಲ್ಲಿ ಶಾವಿಗೆ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ.

"ಅದಿರಲಿ," ಎಂದಳು ಬಾಳಮ್ಮ. "ಕೆಂಪು ಬಾಗಲದ ಮುದುಕಿ ತಂಗಿ ಸುದ್ದಿ ಏನ ಹೇಳ್ಯಾಳ, ಕೇಳ್ರಿ."

ಅಖ್ತರಬಾನು ತಡೆಯುವಷ್ಟರಲ್ಲಿ ಡೊಳ್ಳಪ್ಪ ಕೆಂಪು ಬಾಗಿಲಿನ ಮನೆಯಲ್ಲಿದ್ದ. ಕೊಂಡೋ ಓದಿದ, ಉಸ್ಮಾನ ಹೇಳಿದ: "'ಚಳಿಗಾಲದಾಗ ಬಿಸಿನೀರಿಗೆ ಈ ಪುಡಿ ಹಾಕ್ಕೊಂಡ್ರ ಮೊಣಕಾಲು ನೋವು ಕಡಿಮಿ ಆಗತೈತಿ.'"

ಗಡ್ಡದ ಮುದುಕ ಹೇಳಿದ್ದು: ಮೊದಲು ಕಾಲು ತೊಳೆದು ಆಮೇಲೆ ತೊಟ್ಟಿಗೆ ಇಳಿಯಬೇಕು. ಕಪ್ಪು ಮುದ್ದೆಗಳು ಬೀಗರಲ್ಲ, ಮೈಯ ಕೊಳೆ. ಇಡೀ ಊರೇ ಸ್ನಾನದ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಅಖ್ತರಬಾನು ಸೆರಗು ಬಾಯಿಗೆ ಹಿಡಿದು ಅಡಿಗೆಮನೆಗೆ ಹೋದಳು.

"ಈ ಮನಷ್ಯಾಗ ಓದಾಕ ಬರಂಗಿಲ್ಲ ಬಿಡ್ರಿ," ಎಂದಳು ಬಾಳಮ್ಮ ಕೊನೆಗೆ. "ಅಡಿಗಿ ಮಾಡಾಂವ. ಅವಗೇನ ಜಪಾನಿ ಗೊತ್ತು?"

ಪರಮಣ್ಣ ಮಾತ್ರ ಎಣ್ಣೆ ಡಬ್ಬಿಯ ಮೇಲೆ ಕುಸಿದು ಕೂತಿದ್ದ. "ಅಂದ್ರ ತಂಗಿ ಇಲ್ಲೇ ಇಲ್ಲೇನು?" ಎಂದು ಅವರಿವರ ಮುಖ ನೋಡಿದ. ನಿನ್ನೆಯಷ್ಟೇ ಅವನು ಆ ತಂಗಿಗಾಗಿ ಬಾಳಮ್ಮನ ಜೊತೆ ಜಗಳವಾಡಿದ್ದ. ಅವಳಿಗೆ ಸೊಕ್ಕಿಲ್ಲ, ಬರೀ ಮೂಗಿನ ತುದಿಯಲ್ಲಿ ಕೋಪ ಎಂದು ವಾದಿಸಿದ್ದ.

ಒಳಗೆ ಅಖ್ತರಬಾನು ಒಲೆಯ ಮುಂದೆ ಕೂತಿದ್ದಳು. ಭಾಗವ್ವ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ನನಗ ಗೊತ್ತಿತ್ತವ್ವಾ. ಡೊಳ್ಳಪ್ಪ ಜಪಾನಿನಾಗ ಜ್ವಾಳದ ರೊಟ್ಟಿ ತಿಂದ ಅಂದಾಗನ ಗೊತ್ತಾತು."

"ಮತ್ತ ಸುಮ್ಮನ ಯಾಕ ಕೇಳಿದಿ?"

"ಚಲೋ ಹೇಳತಿದ್ದಿ, ಕೇಳಿದೆ. ಒಂದು ಮಾತು ಹೇಳು. ಆ ತಂಗಿ ಖರೇನ ಅದಾಳಲ್ಲ?"

ಅಖ್ತರಬಾನು ಬಹಳ ಹೊತ್ತು ಬೂದಿ ಕೆದಕಿದಳು. "ಉಸಗಾಂವದಾಗ," ಎಂದಳು.

"ಅಲ್ಲಿಗೆ ಹೋಗಾಕ ಯಾವ ಫೇರಿಯವನೂ ಬೇಕಾಗಿಲ್ಲವ್ವಾ. ಹೊಳಿಗೆ ಬ್ರಿಜ್ಜು ಐತಿ."

ಭಾಗವ್ವ ಹೊರಗೆ ಬಂದು, ತಂಗಿ ಇದ್ದಾಳೆ, ಉಸಗಾಂವದಲ್ಲಿದ್ದಾಳೆ ಎಂದು ಹೇಳಿದ್ದೇ ತಡ, ಪರಮಣ್ಣ ಎದ್ದು ನಿಂತ. ಅಖ್ತರಬಾನು ಒಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದಳು, ಯಾರೂ ಕೇಳಲಿಲ್ಲ. ಇಷ್ಟು ದಿನ ಕಥೆ ಕೇಳಿ ಕೊನೆಯನ್ನು ಅವಳೊಬ್ಬಳೇ ನೋಡುವುದೆಂದರೇನು? ಭಾನುವಾರ ಉಸ್ಮಾನನ ಟೆಂಪೋ ಹೊರಟಿತು. ಹಿಂದೆ ಕೋಸುಗಡ್ಡೆ ವಾಸನೆಯ ನಡುವೆ ಹೆಂಗಸರು ಮತ್ತು ಪರಮಣ್ಣ. ಮುಂದೆ ಉಸ್ಮಾನನ ಪಕ್ಕ, ಸೊಂಟಕ್ಕೆ ದಿಂಬು ಒತ್ತಿಕೊಂಡು ಮೌಲಾಸಾಬ.

ಫೋಂಡಾ ದಾಟಿದ ಮೇಲೆ ಅದಿರು ಲಾರಿಗಳ ಸಾಲು. ಕೆಂಪು ಧೂಳಿಗೆ ಹೆಂಗಸರೆಲ್ಲ ಸೆರಗು ತಲೆಗೆಳೆದು ಮೂಗು ಬಾಯಿ ಮುಚ್ಚಿಕೊಂಡರು. ಎಲ್ಲರ ಕಣ್ಣೂ ಕೆಂಪಾಗಿ ನೀರು ಇಳಿಯುತ್ತಿತ್ತು. ಖಾತುನಳ ಮನೆ ಮುಂದೆ ಟೆಂಪೋ ನಿಂತಾಗ ಅವಳ ಅತ್ತೆ ಹುಸೇನಬಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ತಲೆ ಮುಚ್ಚಿ, ಕಣ್ಣೊರೆಸಿಕೊಳ್ಳುತ್ತ ಒಬ್ಬೊಬ್ಬರೇ ಇಳಿಯುವ ಹೆಂಗಸರನ್ನೂ ಅವರ ಮುಂದೆ ಅಖ್ತರಬಾನುವನ್ನೂ ಕಂಡು ಮೊರ ಕೆಳಗೆ ಬಿಟ್ಟಳು.

"ಖಾತುನ! ನಿಮ್ಮ ಭಾವ ಹೋದ್ರು!"

ಆ ಹೊತ್ತಿಗೆ ಗಣಿಯ ಕಡೆ ಹೊರಟಿದ್ದ ಲಾರಿಯವನೊಬ್ಬ ಅದನ್ನು ಕೇಳಿಸಿಕೊಂಡು, ಶಹಾಬುದ್ದೀನನಿಗೆ ತಿಳಿಸುತ್ತೇನೆಂದು ಕೈಯಾಡಿಸಿ ಮುಂದಕ್ಕೆ ಹೋದ. ಖಾತುನ ಒಳಗಿಂದ ಓಡಿಬಂದು ಅಕ್ಕನ ಕೊರಳಿಗೆ ಬಿದ್ದಳು.

"ಅಪಾ! ಹೆಂಗಾತ ಅಪಾ ಇದು?"

ಇಷ್ಟು ಪ್ರೀತಿಯನ್ನು ಅಖ್ತರಬಾನು ಎದುರುನೋಡಿರಲಿಲ್ಲ. ಅವಳಿಗೂ ಅಳು ಬಂತು. "ಹೆಂಗೋ ಆಗಿಹೋತು, ಖಾತುನ. ನಂದೂ ತಪ್ಪೈತಿ."

"ನಿಂದೇನ ತಪ್ಪು? ದೇವರು ಬರದಿದ್ದು. ಭಾವ ಕಡೀಗೆ ಏನಂದ್ರು?"

"ಏನಂತಾರ? ಬರಾಕ ಒಲ್ಲೆ ಅಂದ್ರು. ನಾನ ಜಬರದಸ್ತೀಲೆ ಕರ್ಕೊಂಡ ಬಂದೆ."

ಖಾತುನ ಅಳು ನಿಲ್ಲಿಸಿ ಹಿಂದೆ ಸರಿದಳು. "ಇಲ್ಲಿಗೆ ತಂದೀಯೇನು?"

"ಹೂಂ. ಟೆಂಪೋದಾಗ ಅದಾರ. ಮುಂದಿನ ಸೀಟಿನಾಗ."

ಅಷ್ಟರಲ್ಲಿ ಟೆಂಪೋದ ಬಾಗಿಲು ತೆರೆದು, ಕೆಂಪು ಧೂಳು ಮೆತ್ತಿದ ಮೌಲಾಸಾಬ ಸೊಂಟ ಹಿಡಿದುಕೊಂಡು ಇಳಿದು, "ಸ್ವಲ್ಪ ನೀರು ಕೊಡ್ರಿ," ಎಂದ. ಹುಸೇನಬಿ ದೇವರ ಹೆಸರು ಕೂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಖಾತುನ ಇದ್ದಲ್ಲೇ ನೆಲಕ್ಕೆ ಕೂತಳು.

ವಿಷಯ ತಿಳಿಗೊಳ್ಳಲು ಹೊತ್ತು ಹಿಡಿಯಿತು. ತಿಳಿದ ಮೇಲೆ ಖಾತುನಳಿಗೆ ಬಂದದ್ದು ಸಿಟ್ಟು. ಸತ್ತವನಿಗೆಂದು ಅತ್ತದ್ದು, ಮಾತು ಬಿಟ್ಟವಳಿಗಲ್ಲ; ಕೊರಳಿಗೆ ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಳು. ಆದರೆ ಹಾಗೆನ್ನುತ್ತಿರುವಾಗಲೇ ಮೌಲಾಸಾಬ ನೀರು ಕುಡಿಯುವುದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಒಮ್ಮೆ ನಕ್ಕ ಮೇಲೆ ಸಿಟ್ಟು ಹಿಡಿದಿಡುವುದು ಕಷ್ಟ. ಚಹಾ ಬಂತು. ಎಲ್ಲರೂ ಬಸಿಯಲ್ಲಿ ಚಹಾ ಹಿಡಿದು ಖಾತುನಳನ್ನೇ ನೋಡತೊಡಗಿದರು.

"ಎತ್ತರ ಇರತಾಳ ಅಂದ್ಕೊಂಡಿದ್ದೆ," ಎಂದ ಪರಮಣ್ಣ ಬಾಳಮ್ಮನ ಕಿವಿಯಲ್ಲಿ, ಖಾತುನಳಿಗೂ ಕೇಳಿಸುವಷ್ಟು ಜೋರಾಗಿ.

"ಇವರೆಲ್ಲ ನನ್ನ ಯಾಕ ಹಿಂಗ ನೋಡಾಕತ್ತಾರ, ಅಪಾ?"

ಭಾಗವ್ವ ಹೇಳಿದಳು. ಡೊಳ್ಳಪ್ಪ, ಮುದುಕಿ, ಬೀಗರು, ಅಡಿಗೆ, ಹೊಳೆ, ಎಲ್ಲ. ಖಾತುನಳ ಮುಖ ಕೆಂಪೇರಿತು.

"ಸೊಕ್ಕಿನಾಕಿ ಅಂದೀಯೇನು? ನಾ ಉಪ್ಪಿಲ್ಲ ಅಂದಿಲ್ಲ. ಉಪ್ಪಿನ ಡಬ್ಬಿ ಕೊಡ್ರಿ ಅಂದೆ!"

"ಎರಡೂ ಒಂದ!"

"ಒಂದಲ್ಲ," ಎಂದ ಪರಮಣ್ಣ ಗಟ್ಟಿಯಾಗಿ. "ನಾ ಮೊದಲಿಂದ ಹೇಳಾಕತ್ತೇನಿ, ಆಕಿಗೆ ಸೊಕ್ಕಿಲ್ಲಂತ."

ಖಾತುನ ಯಾರೋ ಗೊತ್ತಿಲ್ಲದ ಈ ಗಂಡಸಿನ ಕಡೆ ನೋಡಿ, ಅವನ ಬಸಿಗೆ ಇನ್ನಷ್ಟು ಚಹಾ ಸುರಿದಳು.

ಸಂಜೆ ಅವರು ಹೊರಟಾಗ ಖಾತುನಳೂ ಟೆಂಪೋ ಹತ್ತಿದಳು. ಗೇಮಿನಲ್ಲಿ ತನ್ನ ಬಗ್ಗೆ ಇನ್ನೇನೇನು ಹೇಳಿದ್ದಾರೆಂದು ಕಣ್ಣಾರೆ ನೋಡಬೇಕಿತ್ತು. ಗಂಡ ಬಂದರೆ ತಿಳಿಸಿ ಎಂದು ಅತ್ತೆಗೆ ಹೇಳಿದಳು. ಗಂಡ ಮನೆಗೆ ಬರಲಿಲ್ಲ, ಯಾಕೆಂದರೆ ಶಹಾಬುದ್ದೀನ ಆ ಹೊತ್ತಿಗೆ ಉಸಗಾಂವದಲ್ಲಿ ಇರಲೇ ಇಲ್ಲ.

ಟೆಂಪೋ ಮಂಗೋರ್ ಹಿಲ್ ಹತ್ತಿ ತಿರುವಿನಲ್ಲಿ ನಿಂತಾಗ ಮೌಲಾಸಾಬನ ಮನೆ ಮುಂದೆ ಜನವೋ ಜನ. ಚಾಪೆ ಹಾಸಿತ್ತು. ಟೋಪಿ ಹಾಕಿಕೊಂಡ ಹಿರಿಯರು ತಲೆ ತಗ್ಗಿಸಿ ಕೂತಿದ್ದರು. ನಡುವೆ, ಲಾರಿಯವನ ಮಾತು ಕೇಳಿ ಗಣಿಯಿಂದ ನೆಟ್ಟಗೆ ಸಾವಿನ ಸುದ್ದಿ ತಂದಿದ್ದ ಶಹಾಬುದ್ದೀನ, ಧೂಳು ಮೈಮೇಲಿದ್ದಂತೆಯೇ, ಹೆಣವನ್ನು ಎಲ್ಲಿಗೆ ಒಯ್ದರೋ ತಿಳಿಯದೆ ಸಿಕ್ಕಸಿಕ್ಕವರನ್ನು ಕೇಳುತ್ತ ಕಂಗಾಲಾಗಿದ್ದ. ಹಾರ್ಬರಿನಿಂದ ಹಳೆಯ ಹಮಾಲರೆಲ್ಲ ಬಂದಿದ್ದರು. ಒಬ್ಬ, ಮೌಲಾಸಾಬನಂಥ ಗಟ್ಟಿ ಆಳು ಇನ್ನು ಹುಟ್ಟುವುದಿಲ್ಲ ಎನ್ನುತ್ತಿದ್ದ.

ಮೌಲಾಸಾಬ ಟೆಂಪೋದಲ್ಲೇ ಕೂತು ಅದನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಇಳಿದ.

ಕೂಗು, ಗದ್ದಲ, ಬೈಗುಳ, ತಬ್ಬಿಕೊಳ್ಳುವುದು ಎಲ್ಲ ಮುಗಿದ ಮೇಲೆ ಶಹಾಬುದ್ದೀನ ಚಾಪೆಯ ಮೇಲೆ ಕಾಲು ಚಾಚಿದ. "ಲಾರಿ ನಡುದಾರ್‍ಯಾಗ ಬಿಟ್ಟು ಬಂದೇನಿ. ನಾಳೆ ಸಾಹೇಬಗ ಏನ ಹೇಳಲಿ? ಸತ್ತವ ಎದ್ದ ಬಂದ ಅಂತ ಹೇಳಲೇನು?" ಎಂದ. "ಇನ್ನ ಊಟಾನರ ಹಾಕ್ರಿ."

ಅಕ್ಕತಂಗಿಯರು ಅಡಿಗೆಮನೆಗೆ ಹೋದರು. ಇಷ್ಟು ಜನಕ್ಕೆ ಅಕ್ಕಿ ಎಷ್ಟು ಹಾಕಬೇಕು ಎಂದು ಅವರ ದನಿ ಏರುವುದು ಹೊರಗೆ ಕೇಳುತ್ತಿತ್ತು. ಬಂದವರು ಏಳುವಂತೆಯೂ ಇಲ್ಲ, ಅಳುವಂತೆಯೂ ಇಲ್ಲ. ಪರಮಣ್ಣನಿಗೆ ಅವರನ್ನು ಸುಮ್ಮನೆ ಕೂರಿಸುವುದು ಸರಿಯೆನಿಸಲಿಲ್ಲ. ಟಿವಿಯನ್ನು ಬಾಗಿಲಿಗೆ ಎಳೆದು ಹಚ್ಚಿದ. ಟಾವೆಲ್ ಹೊತ್ತ ಡೊಳ್ಳಪ್ಪ ಬಂದು ನಿಂತ.

"ಇಂವ ಯಾರು?" ಎಂದ ಹಮಾಲನೊಬ್ಬ.

"ಹೇಳತೇನಿ, ಸರದ ಕುಂಡ್ರಿ," ಎಂದು ಪರಮಣ್ಣ ಗಂಟಲು ಸರಿಮಾಡಿಕೊಂಡ. "ಇವಗ ಒಬ್ಬಾಕಿ ತಂಗಿ. ಸೊಕ್ಕಿನಾಕಿ ಅಲ್ಲ, ಮತ್ತ..."

"ಎತ್ತರ ಅದಾಳಂತ ಹೇಳ್ರಿ!" ಎಂದು ಖಾತುನ ಒಳಗಿಂದ ಕೂಗಿದಳು.